ಪಂಪ್‌ಸೆಟ್ಟಿನ ಕೈಪಿಡಿಯಲ್ಲಿ ‘ಸೆಟ್’ ಬಂದರೆ ಕನ್ನಡದಲ್ಲಿ ಏನು ಬರೆಯೋದು?

ಪ್ರಶ್ನೆ, ತೀರ್ಥಹಳ್ಳಿಯಿಂದ:
ಮೇಡಂ, ಬೋರ್‌ವೆಲ್ ಪಂಪು, ಮೊನೊಬ್ಲಾಕ್ ಎರಡಕ್ಕೂ ಸೇರಿದ ಇಂಗ್ಲಿಷ್ ಕೈಪಿಡಿ ಒಂದನ್ನು ಕನ್ನಡಕ್ಕೆ ತರಬೇಕು. ಪುಟ ಪುಟಕ್ಕೂ ‘ಸೆಟ್’. ಎಲ್ಲ ಕಡೆ ‘ಹೊಂದಿಸಿ’ ಅಂತ ಹಾಕಿದರೆ ಓದುವಾಗ ಎಂತದೋ ಆಗ್ತದೆ. ತೊಡಕಿನ ಮೂರು ವಾಕ್ಯ ಇವು:
1. ದಿ ಪಂಪ್ ಸೆಟ್ ಅಟ್ 300 ಫೀಟ್ ಮಸ್ಟ್ ನಾಟ್ ರನ್ ಡ್ರೈ.
2. ಸೆಟ್ ದಿ ಓವರ್‌ಲೋಡ್ ರಿಲೇ ಟು ದಿ ಫುಲ್ ಲೋಡ್ ಕರೆಂಟ್.
3. ಅಲೋ ದಿ ಗ್ರೌಟ್ ಟು ಸೆಟ್ ಬಿಫೋರ್ ಟೈಟನಿಂಗ್ ದಿ ಬೋಲ್ಟ್ಸ್.

ಉತ್ತರ, ಅನುವಾದಕಿ:
ಗಾಬರಿ ಬೇಡ. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಇದೇ ಪದದ್ದು. ಕ್ರಿಯಾಪದಕ್ಕೇ 430 ಅರ್ಥ. ಅಷ್ಟನ್ನೂ ಒಂದೇ ‘ಹೊಂದಿಸು’ವಿನ ಮೇಲೆ ಹೇರಿದರೆ ಅದು ತಡೆಯುವುದಿಲ್ಲ.

ಮೊದಲನೆಯದರಲ್ಲೇ ಗುಂಡಿ ಇರೋದು. ನಮ್ಮ ಕಣ್ಣು ‘ಪಂಪ್ ಸೆಟ್’ ಅನ್ನು ಒಟ್ಟಿಗೆ ಓದಿಬಿಡ್ತದೆ, ಯಾಕಂದ್ರೆ ಪಂಪ್‌ಸೆಟ್ ನಮಗೆ ಮನೆಮಾತು. ಇಲ್ಲಿ ಅದು ಪಂಪ್‌ಸೆಟ್ ಅಲ್ಲ. ‘ಸೆಟ್’ ಭೂತಕಾಲದಲ್ಲೂ ಸೆಟ್, ಕೃದಂತದಲ್ಲೂ ಸೆಟ್. ರೂಪ ಬದಲಾಗದ್ದರಿಂದ ‘ಇಳಿಸು’ ಮತ್ತು ‘ಇಳಿಸಿದ’ ಎರಡೂ ಒಂದೇ ಥರ ಕಾಣ್ತವೆ. ಹಿಂದೆಯೇ ‘ಅಟ್’ ಬಂದು ಆಳದ ಅಂಕಿ ಬಂದರೆ ಅದು ಇಳಿಸಿದ ಅಂತಲೇ. ಹೀಗೆ ಬರೆಯಿರಿ: ‘300 ಅಡಿಗೆ ಇಳಿಸಿದ ಪಂಪು ನೀರಿಲ್ಲದೆ ಓಡಬಾರದು.’ ‘ಒಣಗಿ ಓಡಬಾರದು’ ಅಂತ ಮಾತ್ರ ಬರೆಯಬೇಡಿ ಮಾರಾಯ್ರೆ. ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡೋದು ಸುತ್ತಲಿನ ನೀರೇ, ಆದ್ದರಿಂದ ‘ನೀರಿಲ್ಲದೆ’ ಎಂಬ ಪದ ವಾಕ್ಯದಲ್ಲಿ ಇರಲೇಬೇಕು.

ಎರಡನೆಯದು ಸುಲಭ. ಓವರ್‌ಲೋಡ್ ರಿಲೇ ಅಂದರೆ ಮೋಟಾರು ಮಿತಿ ಮೀರಿ ಕರೆಂಟ್ ಎಳೆದಾಗ ಅದನ್ನು ನಿಲ್ಲಿಸುವ ಸಾಧನ. ಡಯಲ್ಲು, ಮುಳ್ಳು, ಗಡಿಯಾರ, ಅಲಾರಾಂ ಇವಕ್ಕೆಲ್ಲ ನಾವು ‘ಇಡು’ ಅಂತೀವಿ. ‘ಐದು ಗಂಟೆಗೆ ಅಲಾರಾಂ ಇಡು’ ಅನ್ನೋದಿಲ್ವಾ, ಹಾಗೆ. ‘ಓವರ್‌ಲೋಡ್ ರಿಲೇಯ ಡಯಲ್ಲನ್ನು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್‌ಗೆ ಇಡಿ.’ ಫುಲ್ ಲೋಡ್ ಕರೆಂಟ್ ಅನ್ನು ‘ಪೂರ್ಣ ಹೊರೆಯ ವಿದ್ಯುತ್ಪ್ರವಾಹ’ ಅಂತ ಮಾಡಿದರೆ ತೋಟದವರು ಅದನ್ನು ಎಲ್ಲಿ ಹುಡುಕಬೇಕು? ನಾಮಫಲಕ ತೋರಿಸಿಬಿಡಿ.

ಪ್ರತಿಕ್ರಿಯೆ, ಮೋಟಾರ್ ರಿವೈಂಡಿಂಗ್ ಕೆಲಸದವರು, ಶಿವಮೊಗ್ಗ:
ಮೇಡಂ ಹೇಳಿದ್ದು ಡಿಒಎಲ್ ಸ್ಟಾರ್ಟರ್‌ಗೆ, ಅಂದ್ರೆ ಮೋಟಾರನ್ನು ನೇರವಾಗಿ ಲೈನಿಗೆ ಸೇರಿಸೋದಕ್ಕೆ, ಸರಿ. ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಗೆ ಬದಲಾಗೋ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸಾಮಾನ್ಯವಾಗಿ ಡೆಲ್ಟಾ ಒಳಗಿನ ಫೇಸಿನಲ್ಲಿ ಕೂತಿರುತ್ತೆ. ಅಲ್ಲಿ ನಾಮಫಲಕದ ಅಂಕಿಯ 0.58 ಪಟ್ಟು ಮಾತ್ರ ಇಡಬೇಕು. ಫಲಕದಲ್ಲಿ 14 ಆಂಪಿಯರ್ ಇದ್ದರೆ ಡಯಲ್ಲು ಸುಮಾರು 8ಕ್ಕೆ. 14ಕ್ಕೇ ಇಟ್ಟರೆ ಓವರ್‌ಲೋಡ್ ಆದಾಗ ಟ್ರಿಪ್ ಆಗದೆ ವೈಂಡಿಂಗ್ ಸುಡುತ್ತೆ. ತೀರಾ ಕಡಿಮೆ ಇಟ್ಟರೆ ಸುಮ್ಮಸುಮ್ಮನೆ ಬೀಳುತ್ತೆ. ಕೈಪಿಡಿಯಲ್ಲಿ ಯಾವ ಸ್ಟಾರ್ಟರ್ ಅಂತ ನೋಡಿ ಬರೀರಿ ಸರ್.

ಉತ್ತರ, ಅನುವಾದಕಿ:
ಇದು ಬೇಕಿತ್ತು, ಧನ್ಯವಾದ. ಮೂರನೆಯದಕ್ಕೆ ಬರೋಣ. ಗ್ರೌಟ್ ಅಂದರೆ ಬೋಲ್ಟಿನ ಸುತ್ತ ತುಂಬುವ ಸಿಮೆಂಟು ಗಾರೆ. ಸಿಮೆಂಟಿಗೆ ‘ಸೆಟ್’ ಬೇರೆ, ‘ಹಾರ್ಡನ್’ ಬೇರೆ. ಸೆಟ್ ಆಗೋದು ಅಂದ್ರೆ ಕಲಸಿದ್ದು ಮೆದುತನ ಬಿಟ್ಟು ಬಿಗಿಯಾಗೋದು. ಬಲ ಬರೋದು ಆಮೇಲೆ, ನೀರು ಹೊಡೆದು ಕ್ಯೂರಿಂಗ್ ಮಾಡುತ್ತಾ ದಿನಗಟ್ಟಲೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಬಿಗಿದು ಮುಗಿಯಬೇಕು. ‘ಸೆಟ್ ಆದ ಮೇಲೆ ಬೋಲ್ಟು ಬಿಗಿಯಿರಿ’ ಅಂತ ಬರೆದರೆ ಓದಿದವರು ಮಾರನೇ ಬೆಳಿಗ್ಗೆಯೇ ಸ್ಪ್ಯಾನರ್ ಹಾಕ್ತಾರೆ, ಬೋಲ್ಟು ಗಾರೆ ಸಮೇತ ಕಿತ್ತು ಬರ್ತದೆ. ಕಂಪನಿಯವರನ್ನು ಕೇಳಿ ಎಷ್ಟು ದಿನ ಅಂತ ಅಂಕಿ ಹಾಕಿಸಿ. ಅಂಕಿ ಸಿಗುವ ತನಕ ಆ ವಾಕ್ಯವನ್ನು ಹಾಗೇ ಬಿಡಿ, ಊಹಿಸಿ ತುಂಬಬೇಡಿ.

ಉಳಿದ ಕಡೆಗಳಿಗೆ ಒಂದು ಉಪಾಯ. ಇಂಗ್ಲಿಷಿನ ‘ಸಿಟ್’ ಕೂರು, ‘ಸೆಟ್’ ಅದರ ಪ್ರೇರಣಾರ್ಥಕ. ಅಂದರೆ ಕೂರು–ಕೂರಿಸು ಜೋಡಿಯೇ ಅದು. ಮೊದಲು ‘ಕೂರಿಸು’ ಹಾಕಿ ನೋಡಿ. ಹರಳು ಕೂರಿಸಿದ ಉಂಗುರ, ಮುರಿದ ಮೂಳೆ ಕೂರಿಸೋದು, ಬೇರಿಂಗ್ ಕೂರಿಸೋದು, ಎಲ್ಲ ಸಲೀಸು. ಕೂರದಿದ್ದರೆ ಆ ವಸ್ತುವಿಗೆ ನಮ್ಮಲ್ಲಿ ಯಾವ ಕ್ರಿಯೆ ಅಂತ ಯೋಚಿಸಿ: ಮೊಸರಿಗೆ ಹೆಪ್ಪು ಹಾಕ್ತೇವೆ, ಬೋನು ಒಡ್ಡುತ್ತೇವೆ, ಪ್ರಶ್ನೆಪತ್ರಿಕೆ ತಯಾರಿಸುತ್ತೇವೆ, ಆಗುಂಬೆಯಲ್ಲಿ ಸೂರ್ಯ ಮುಳುಗ್ತಾನೆ.

ಗುಂಪು, ಜೋಡಿ ಎಂಬ ಅರ್ಥದ ‘ಸೆಟ್’ ಮಾತ್ರ ಈ ಬೇರಿನದಲ್ಲ. ಅದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು. ಪಂಪ್‌ಸೆಟ್, ಸೆಟ್ ದೋಸೆ, ಗಣಿತದ ಗಣ ಈ ಕಡೆಯವು. ಇಲ್ಲಿ ‘ಕೂರಿಸು’ ಪ್ರಯೋಗ ಮಾಡಲು ಹೋಗಬೇಡಿ.

ಪ್ರಶ್ನೆ, ಶಿವಮೊಗ್ಗ, ವಕೀಲರ ಕಚೇರಿಯಲ್ಲಿ ಟೈಪಿಂಗ್:
‘ಸೆಟ್ ಅಸೈಡ್’ ಮತ್ತು ‘ಸೆಟ್ ಆಫ್’ ಎರಡಕ್ಕೂ ‘ವಜಾ’ ಹಾಕಬಹುದಾ ಮೇಡಂ?

ಉತ್ತರ, ಅನುವಾದಕಿ:
ಎರಡಕ್ಕೂ ಬೇಡ. ಕೋರ್ಟಿನ ಕನ್ನಡದಲ್ಲಿ ‘ವಜಾ’ ಅಂದರೆ ಅರ್ಜಿ ತಳ್ಳಿಹಾಕಿದ್ದು ಅಂತ ಓದಿಕೊಳ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರಲ್ಲಿ ಏಕಪಕ್ಷೀಯ ಡಿಕ್ರಿಯನ್ನು ‘ಸೆಟ್ ಅಸೈಡ್’ ಮಾಡೋದು ಅಂದರೆ ರದ್ದುಪಡಿಸೋದು. ಕೋರ್ಟಿನ ಹೊರಗೆ ಅದೇ ಪದ ‘ತೆಗೆದಿಡು’: ಹಿಟ್ಟು ಕಲಸಿ ಅರ್ಧ ಗಂಟೆ ತೆಗೆದಿಡಿ.

‘ಸೆಟ್ ಆಫ್’ ಆದೇಶ 8, ನಿಯಮ 6ರದ್ದು. ವಾದಿ 2 ಲಕ್ಷ ಕೇಳಿದ್ದಾನೆ, ಅವನೇ ಪ್ರತಿವಾದಿಗೆ 50,000 ಕೊಡಬೇಕಿದೆ ಅಂದುಕೊಳ್ಳಿ. ಪ್ರತಿವಾದಿ ಅದನ್ನು ಮುರಿದುಕೊಂಡು ಉಳಿದ ಒಂದೂವರೆ ಲಕ್ಷದ ಮಾತಾಡ್ತಾನೆ. ‘ಸಾಲಕ್ಕೆ ಮುರಿದುಕೊಂಡ’ ಅಂತ ಅಂಗಡಿಯ ಲೆಕ್ಕದಲ್ಲಿ ಅನ್ನೋದು ಇದನ್ನೇ. ‘ಬಾಕಿಗೆ ಮುರಿದುಕೊಳ್ಳುವುದು’ ಅಂತ ಬರೆದರೆ ಕಕ್ಷಿದಾರರಿಗೂ ತಿಳೀತದೆ.

ಪ್ರಶ್ನೆ, ಸಾಗರದಿಂದ:
ಅಡಿಕೆ, ಮೆಣಸಿನ ಕರಪತ್ರದಲ್ಲಿ ‘ಫ್ರೂಟ್ ಸೆಟ್’, ‘ರಾಟ್ ಸೆಟ್ಸ್ ಇನ್’ ಅಂತಿದೆ.

ಉತ್ತರ, ಅನುವಾದಕಿ:
ಮೊದಲನೆಯದು ಕಾಯಿ ಕಚ್ಚೋದು. ‘ಸೆಟ್ ಇನ್’ಗೆ ಕರ್ಮ ಇರೋದಿಲ್ಲ. ಹೆಚ್ಚಾಗಿ ಬಂದು ಬೇಗ ಬಿಡದ, ಬೇಡದ ಸಂಗತಿಗಳಿಗೆ ಬಳಸ್ತಾರೆ. ನಮ್ಮ ‘ಹಿಡಿ’ ಸರಿಯಾಗಿ ಕೂರ್ತದೆ: ಮಳೆ ಹಿಡೀತು, ಕೊಳೆ ಹಿಡೀತು. ಒಂದೇ ದಿನ ಸುರಿದು ಹೋದ ಮಳೆಗೆ ಹಾಕಬೇಡಿ. ಕಬ್ಬಿನ ಕರಪತ್ರದಲ್ಲಿ ಎರಡು ‘ಟಿ’ ಇರುವ ‘ಸೆಟ್’ ಸಿಕ್ಕರೆ ಅದು ಬಿತ್ತನೆಯ ತುಂಡು.

ಪ್ರಶ್ನೆ, ಹೊಸನಗರದಿಂದ:
‘ಅವನಿಗೂ ನಂಗೂ ಸೆಟ್ ಆಗಲ್ಲ’ ಅನ್ನೋದು ಇಂಗ್ಲಿಷಲ್ಲಿ ಹೇಗೆ?

ಉತ್ತರ, ಅನುವಾದಕಿ:
ಇಂಗ್ಲಿಷಿನವರಿಗೆ ಇದು ಗೊತ್ತಿಲ್ಲ, ನಾವೇ ಮಾಡಿಕೊಂಡದ್ದು. ‘ವಿ ಡೋಂಟ್ ಗೆಟ್ ಅಲಾಂಗ್’ ಅನ್ನಿ. ಬಣ್ಣ, ಬಟ್ಟೆಗಾದರೆ ‘ಸೂಟ್’. ಕೆ-ಸೆಟ್ ಪರೀಕ್ಷೆಯ ‘ಸೆಟ್’ ಬರೀ ಅಕ್ಷರಗಳ ಹೆಸರು, ಈ ಸಂಸಾರಕ್ಕೆ ಸೇರಿದ್ದಲ್ಲ.

ಪ್ರಶ್ನೆ, ತೀರ್ಥಹಳ್ಳಿಯಿಂದ, ಮತ್ತೆ:
ಕೊನೇ ಪುಟದ ಸಾಮಾನು ಪಟ್ಟಿಯಲ್ಲಿ ‘ಪೈಪ್ ಕ್ಲ್ಯಾಂಪ್, 1 ಸೆಟ್’ ಅಂತಿದೆ. ‘ಒಂದು ಜೊತೆ’ ಅನ್ನಲಾ?

ಉತ್ತರ, ಅನುವಾದಕಿ:
ತಡೀರಿ. ಪೈಪ್ ಇಳಿಸುವ ಕ್ಲ್ಯಾಂಪಿಗೆ ಎರಡು ಅರ್ಧ ಇರ್ತವೆ, ಕೆಲಸಕ್ಕೆ ಅಂಥ ಎರಡು ಕ್ಲ್ಯಾಂಪ್ ಬೇಕು. ‘ಒಂದು ಜೊತೆ’ ಅಂದರೆ ಎರಡು ಅರ್ಧವೋ, ಎರಡು ಕ್ಲ್ಯಾಂಪೋ? ಪೆಟ್ಟಿಗೆ ಬಿಚ್ಚಿಸಿ ಎಣಿಸಿ, ‘1 ಸೆಟ್: ಕ್ಲ್ಯಾಂಪ್ 2, ಬೋಲ್ಟು-ನಟ್ಟು ಇಷ್ಟು’ ಅಂತ ಬಿಡಿಸಿ ಬರೆಯಿರಿ.