ತೂಕದ ಯಂತ್ರದ ಲೈಬ್ರರಿ ನಾವೇ ಬರೆದರೆ ಕೇಸ್ ಬೀಳುತ್ತದಾ?

ಪ್ರಶ್ನೆ (ಶಿರಸಿ): ವಕೀಲರೇ ನಮಸ್ಕಾರ. ಅಡಿಕೆ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ತೂಕದ ಯಂತ್ರದಿಂದ ತೂಕ ಓದೋಕೆ ಅದರ ಕಂಪನಿ ಕೊಡುವ ಲೈಬ್ರರಿ (ನಮ್ಮ ಪ್ರೋಗ್ರಾಂ ಕರೆದು ಬಳಸುವ ಸಿದ್ಧ ಕೋಡ್) ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅದರಲ್ಲಿನ ಫಂಕ್ಷನ್‌ಗಳ, ಅಂದರೆ ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ, ಅವೇ ಹೆಸರು ಇಟ್ಟುಕೊಂಡು ಲಿನಕ್ಸ್‌ಗೆ ನಾವೇ ಒಂದು ಬರೆದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಕೊಡುವ ಯೋಚನೆ ಇದೆ. ಹೆಸರು ಬದಲಿಸಿದರೆ ಈಗಿರುವ ಬಿಲ್ಲಿಂಗ್ ಕೋಡೆಲ್ಲ ತಿದ್ದಬೇಕಾಗುತ್ತದೆ. ಗೂಗಲ್ ಗೆದ್ದಿದೆಯಲ್ಲ, ಸುಮ್ನೆ ಮಾಡು ಅಂತಾನೆ ಗೆಳೆಯ. ಹೌದಾ?

ಉತ್ತರ (ವಕೀಲರು, ಕಾರವಾರ): ಅರ್ಧ ಹೌದು. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 37 ಪ್ಯಾಕೇಜ್‌ಗಳಿಂದ (ಫಂಕ್ಷನ್‌ಗಳ ಗುಂಪುಗಳಿಂದ) ಸುಮಾರು 11,500 ಸಾಲುಗಳನ್ನು, ಅಂದರೆ ಫಂಕ್ಷನ್‌ಗಳ ಹೆಸರು ಮತ್ತು ಜೋಡಣೆಯನ್ನು, ಗೂಗಲ್ ಆಂಡ್ರಾಯ್ಡ್‌ಗೆ ತಗೊಂಡಿತ್ತು. ಜಾವಾದ ಒಡೆತನ ಇರುವ ಒರಾಕಲ್ ಕಂಪನಿ ಕೇಸ್ ಹಾಕಿತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-2ರಲ್ಲಿ ಇದು ನ್ಯಾಯವಾದ ಬಳಕೆ ಅಂದಿತು, ಆದರೆ ಇಂಟರ್‌ಫೇಸ್‌ಗೆ, ಅಂದರೆ ಈ ಹೆಸರು-ಜೋಡಣೆಗೆ, ಕಾಪಿರೈಟ್ ಇದೆಯಾ ಅನ್ನುವ ಮೂಲ ಪ್ರಶ್ನೆಯನ್ನು ತೀರ್ಮಾನಿಸಲೇ ಇಲ್ಲ. ಇಲ್ಲಿನ ಕೋರ್ಟ್ ಆ ತೀರ್ಪನ್ನು ಪಾಲಿಸಲೇಬೇಕು ಅಂತಲೂ ಇಲ್ಲ.

ನಿಮಗೆ ಜಾಸ್ತಿ ಬೇಕಾದದ್ದು ನಮ್ಮ 1957ರ ಕಾಪಿರೈಟ್ ಕಾಯ್ದೆಯ ಕಲಂ 52(1)(ಎಬಿ). ನೀವು ಸ್ವಂತವಾಗಿ ಬರೆದ ಪ್ರೋಗ್ರಾಂ ಇನ್ನೊಂದರ ಜೊತೆ ಹೊಂದಿಕೊಂಡು ಓಡಲು ಬೇಕಾದ ಮಾಹಿತಿಯನ್ನು, ನ್ಯಾಯವಾಗಿ ನಿಮ್ಮ ಕೈಗೆ ಬಂದ ಪ್ರೋಗ್ರಾಂನಿಂದ ತೆಗೆಯಬಹುದು. ಆದರೆ ಆ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗುವಂತಿರಬಾರದು. ಯಂತ್ರದ ಜೊತೆ ಬಂದ ಪುಸ್ತಕದಲ್ಲೇ ಸೀರಿಯಲ್ ಪೋರ್ಟ್‌ನಿಂದ ಡೇಟಾ ಹೇಗೆ ಬರುತ್ತದೆ ಅಂತ ಇದ್ದರೆ ಅದನ್ನು ನೋಡಿ ಬರೆಯಿರಿ, ಲೈಬ್ರರಿ ಬಿಚ್ಚುವ ಗೋಜೇ ಬೇಡ.

ಹೆಸರಿಗಿಂತ ನನಗೆ ಭಯ ಒಳಗಿನ ಕೋಡ್‌ನದ್ದು. ಅದು ಎಲ್ಲಿಂದ ಬಂತು?

ಪ್ರಶ್ನೆ (ಶಿರಸಿ): ಪುಸ್ತಕದಲ್ಲಿ ಅರ್ಧಂಬರ್ಧ ಇದೆ ಸರ್. ನಮ್ಮ ಹುಡುಗ ಒಬ್ಬ ಲೈಬ್ರರಿಯನ್ನು ಡಿಕಂಪೈಲ್ ಮಾಡಿ, ಅಂದರೆ ಬಿಚ್ಚಿ ಒಳಗಿನ ಕೋಡ್ ಹೊರತೆಗೆದು, ನೋಡಿದ್ದಾನೆ.

ಉತ್ತರ: ಹಾಗಾದರೆ ಅವನಿಂದ ಕೋಡ್ ಬರೆಸಬೇಡಿ. ಯಾವ ಫಂಕ್ಷನ್‌ಗೆ ಏನು ಕೊಟ್ಟರೆ ಏನು ಬರುತ್ತದೆ ಅಂತ ಟಿಪ್ಪಣಿ ಮಾತ್ರ ಬರೆಯಲಿ. ಮೂಲ ಕೋಡ್ ಕಣ್ಣಲ್ಲೂ ನೋಡದ ಇನ್ನೊಬ್ಬರು ಆ ಟಿಪ್ಪಣಿ ಹಿಡಿದು ಬರೆಯಲಿ. ಎರಡನ್ನೂ ತಾರೀಕು ಹಾಕಿ ಇಟ್ಟುಕೊಳ್ಳಿ. ಇದಕ್ಕೆ ಕ್ಲೀನ್ ರೂಮ್ ಅಂತಾರೆ. ಐಬಿಎಂ ಪಿಸಿಗೆ ಹೊಂದುವ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಅನ್ನು ಫೀನಿಕ್ಸ್ ಕಂಪನಿ 1980ರ ದಶಕದಲ್ಲಿ ಹೀಗೇ ಮಾಡಿದ್ದು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ, 1993ರಿಂದ ನಡೆಯುತ್ತಿರುವ ವೈನ್ ಅನ್ನುವ ಸಾಫ್ಟ್‌ವೇರ್‌ನವರು ವಿಂಡೋಸ್‌ನ ಸೋರ್ಸ್ ಕೋಡ್ ನೋಡಿದವರಿಂದ ಕೋಡ್ ತಗೊಳ್ಳುವುದೇ ಇಲ್ಲ.

ಪ್ರಶ್ನೆ (ಕುಮಟಾ): ನಡುವೆ ಬಂದೆ, ಕ್ಷಮಿಸಿ. ಇನ್‌ಸ್ಟಾಲ್ ಮಾಡುವಾಗ ‘ಒಪ್ಪಿದೆ’ ಅಂತ ಒತ್ತಿರುತ್ತೇವಲ್ಲ, ಅದು?

ಉತ್ತರ: ಒಳ್ಳೇದು ಕೇಳಿದಿರಿ. ಅದರಲ್ಲಿ ಲೈಬ್ರರಿ ಬಿಚ್ಚಿ ನೋಡಬಾರದು ಅಂತ ಇದ್ದರೆ ಕಂಪನಿ ಕಾಪಿರೈಟ್ ಬಿಟ್ಟು ಒಪ್ಪಂದ ಮುರಿದಿರಿ ಅಂತ ಬರಬಹುದು. ಕಲಂ 52 ನಿಮ್ಮ ಪರ ವಾದಕ್ಕೆ ಸಿಗುತ್ತದೆ, ಆದರೆ ನೋಟಿಸ್ ಬರುವುದನ್ನು ತಪ್ಪಿಸುವುದಿಲ್ಲ. ಶಿರಸಿಯವರೇ, ನಿಮ್ಮ ಲೈಬ್ರರಿಗೆ ಆ ಕಂಪನಿಯ ಹೆಸರು ಇಡಬೇಡಿ, ಇಂಥ ಯಂತ್ರಕ್ಕೆ ಹೊಂದುತ್ತದೆ ಅಂತ ಬರೆದರೆ ಸಾಕು. ಒಪ್ಪಂದದ ಪ್ರತಿ ಇದ್ದರೆ ಕಳಿಸಿ, ಓದಿ ಹೇಳುತ್ತೇನೆ.