ಬಿಎ ಅರ್ಥಶಾಸ್ತ್ರ ಆಯ್ತು, ಮುಂದೇನು? ಅನುಭವ ಇದ್ದವರು ಹೇಳಿ

ಶಿವಮೊಗ್ಗದವನು: ಕನ್ನಡ ಮಾಧ್ಯಮ, 68%. ನನಗೆ ಎಂಎ ಆಸೆ, ಅಪ್ಪ ಬಿಎಡ್ ಅನ್ನುತ್ತಾರೆ. ಗಣಿತ ಅಷ್ಟಕ್ಕಷ್ಟೆ.

ಹಾವೇರಿ ಮೇಷ್ಟ್ರು: ಎರಡೂ ಮಾಡಿದವನು ನಾನು, ಕೇಳು ತಮ್ಮಾ. ಪಿಯು ಉಪನ್ಯಾಸಕನಾಗಲು ಎಂಎ ಜೊತೆ ಬಿಎಡ್ಡೂ ಬೇಕು ಅಂತ ಮತ್ತೆ ಎರಡು ವರ್ಷ ಕೂತೆ. ಚಾರ್ಟು, ಥರ್ಮಾಕೋಲು, ಪಾಠಯೋಜನೆ ಪುಸ್ತಕಕ್ಕೇ 4,600 ರೂಪಾಯಿ, ಚೀಟಿ ಇನ್ನೂ ಇಟ್ಟಿದ್ದೇನೆ. ಆಮೇಲೆ ನೇಮಕಾತಿ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾಯುತ್ತಾ ವಯಸ್ಸು 33 ಆಯ್ತು. ಕೆಸೆಟ್, ಅಂದ್ರೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡೋಕೆ ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ, ಎರಡನೇ ಸಲ ಎರಡು ಮಾರ್ಕಿಗೆ ಹೋಯ್ತು, ಮೂರನೇ ಸಲ ಪಾಸು. ಈಗ ಅತಿಥಿ ಉಪನ್ಯಾಸಕ. ಕಾಲೇಜಿಗೆ ರಜೆ ಬಂದರೆ ಸಂಬಳಕ್ಕೂ ರಜೆ.

ದೆಹಲಿ ಕನ್ನಡಿಗ: ಕೆಸೆಟ್ ಕರ್ನಾಟಕ ದಾಟಿದರೆ ನಡೆಯಲ್ಲ ಸಾರ್. ದೇಶಮಟ್ಟದ ಅರ್ಹತಾ ಪರೀಕ್ಷೆ ನೆಟ್ ಬರೆಯಬೇಕಿತ್ತು, ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಸಿಕ್ಕಿದ್ದರೆ ತಿಂಗಳಿಗೆ 37,000. ನಾನು ಇಲ್ಲೇ ಎಂಎ ಮಾಡಿ ಐಇಎಸ್ (ಕೇಂದ್ರ ಸರ್ಕಾರದ ಅರ್ಥಶಾಸ್ತ್ರ ಅಧಿಕಾರಿಗಳ ಪರೀಕ್ಷೆ) ಬರೆದೆ, ಎರಡು ಸಲ. ಕಿಟಕಿ ಇಲ್ಲದ ರೂಮಿಗೆ 9,000 ಬಾಡಿಗೆ, ಮೆಸ್ಸು 3,500, ಜೂನ್ ತಿಂಗಳ ಕೂಲರ್ ಬಾಡಿಗೆ ಬೇರೆ. ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು. ಎಂಎ ಮೊದಲ ವಾರ ಇನ್‌ಡಿಫರೆನ್ಸ್ ಕರ್ವ್ ಅಂದಾಗ ಸುಮ್ನೆ ಪಿಳಿಪಿಳಿ ನೋಡುತ್ತಾ ಕೂತಿದ್ದೆ. ಬೋರ್ಡಿನ ಮೇಲೆ ಗೆರೆ ಎಳೆದ ಮೇಲೇ ಗೊತ್ತಾಗಿದ್ದು, ಇದು ನಮ್ಮ ಔದಾಸೀನ್ಯ ವಕ್ರರೇಖೆ, ಎರಡು ವಸ್ತುಗಳ ಯಾವ ಯಾವ ಜೋಡಿ ಒಂದೇ ತೃಪ್ತಿ ಕೊಡುತ್ತೆ ಅಂತ ತೋರಿಸೋ ಗೆರೆ ಅಂತ! ಐಇಎಸ್ ವೈವಾ (ಸಂದರ್ಶನ) ತನಕ ಹೋಗಿದ್ದೆ, ಅಷ್ಟಂತೂ ಹೇಳಿಕೊಳ್ಳುತ್ತೇನೆ.

ಹಾವೇರಿ ಮೇಷ್ಟ್ರು: ಬರೆಯಬೇಕಿತ್ತು ಅಂತೀರಲ್ಲ, ನೆಟ್ಟೂ ನಾಲ್ಕು ಸಲ ಬರೆದಿದ್ದೇನೆ. ವೈವಾ ತನಕ ಹೋದದ್ದಕ್ಕೆ ಯಾರೂ ಸಂಬಳ ಕೊಡಲ್ಲ.

ಬ್ಯಾಂಕ್ ಅಕ್ಕ: ಅದಕ್ಕೇ ನಾನು ಎಂಎ ಕಡೆ ತಲೆ ಹಾಕಲಿಲ್ಲ. ಐಬಿಪಿಎಸ್ ನಡೆಸೋ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ಆಗುತ್ತೆ, ಕನ್ನಡದಲ್ಲೂ ಬರೆಯಬಹುದು. 23ಕ್ಕೆ ಸೇರಿದೆ, ತಂಗಿ ಮದುವೆ ಮಾಡಿದೆ. ಎಂಎ ಗೋಲ್ಡ್ ಮೆಡಲ್ ಹುಡುಗನೊಬ್ಬ ನಮ್ಮ ಪಕ್ಕದ ಕೌಂಟರಿನಲ್ಲೇ ಪಾಸ್‌ಬುಕ್ ಎಂಟ್ರಿ ಹಾಕುತ್ತಾನೆ.

ದೆಹಲಿ ಕನ್ನಡಿಗ: ಪಾಸ್‌ಬುಕ್ ಎಂಟ್ರಿಗೆ ಅರ್ಥಶಾಸ್ತ್ರ ಯಾಕೆ ಓದಬೇಕಿತ್ತು ಮೇಡಂ?

ಬ್ಯಾಂಕ್ ಅಕ್ಕ: ನಿಮ್ಮ ಕೂಲರ್ ಬಾಡಿಗೆ ಕಟ್ಟಿದವರು ಯಾರು? ಅಪ್ಪ ತಾನೆ? ನಾನು ಯಾರ ಹತ್ತಿರವೂ ಕೇಳಿಲ್ಲ.

ಹಾವೇರಿ ಮೇಷ್ಟ್ರು: ಅಕ್ಕ ಹೇಳಿದ್ದು ಸರಿ. ಆದರೆ ದೆಹಲಿಯವರೇ, ಔದಾಸೀನ್ಯ ಅಂತ ಹಂಗಿಸಬೇಡಿ. ನಾನು ಅದನ್ನೇ ಕಲಿಸೋದು, ಬೋಂಡಾ ಮತ್ತು ಟೀ ಇಟ್ಟುಕೊಂಡು. ಹಿಂದಿನ ಬೆಂಚಿಗೂ ಅರ್ಥವಾಗುತ್ತೆ.

ದೆಹಲಿ ಕನ್ನಡಿಗ: ಹಂಗಿಸಿದ್ದಲ್ಲ ಸಾರ್. ಬ್ರಾಕೆಟ್ಟಿನಲ್ಲಿ ಇಂಗ್ಲಿಷ್ ಪದವನ್ನೂ ಒಂದು ಸಲ ಬರೆಸಿದ್ದರೆ ನನ್ನ ಒಂದು ಸೆಮಿಸ್ಟರ್ ಉಳಿಯುತ್ತಿತ್ತು ಅಂದೆ.

ಹಾವೇರಿ ಮೇಷ್ಟ್ರು: ಬರೆಸುತ್ತೇನೆ ಕಣ್ರೀ! ಹುಡುಗರು ಬರೆದುಕೊಳ್ಳಲ್ಲ.