ಹಣದುಬ್ಬರ 0.25% ಅಂತೆ, ಮತ್ತೆ ನಮ್ಮನೆ ಖರ್ಚು ಯಾಕೆ ಇಳೀಲಿಲ್ಲ?

ಲೆಕ್ಕದಮ್ಮ, ಮೈಸೂರು
ಅಕ್ಟೋಬರ್ (2025) ತಿಂಗಳ ಚಿಲ್ಲರೆ ಹಣದುಬ್ಬರ ಬರೀ 0.25% ಅಂತ ಟಿವಿಯಲ್ಲಿ ಬಂದದ್ದೇ ತಡ, ನಮ್ಮ ಯಜಮಾನ್ರು ನನ್ನ ಕಡೆ ತಿರುಗಿ "ಕೇಳಿಸ್ತಾ?" ಅಂದ್ರು. ಮನೆ ಖರ್ಚಿನ ಪುಸ್ತಕ ನನ್ನ ಕೈಲಿರೋದಲ್ವಾ, ಅದಕ್ಕೆ. ತಂದು ಮುಂದಿಟ್ಟೆ.

ನಂದಿನಿ ನೀಲಿ ಪ್ಯಾಕೆಟ್ ಹಾಲು 2025ರ ಏಪ್ರಿಲ್‌ನಲ್ಲಿ ಲೀಟರಿಗೆ 46 ಆಯ್ತು. ತುಪ್ಪ ಜಿಎಸ್‌ಟಿ ಇಳಿದಾಗ 650ರಿಂದ 610ಕ್ಕೆ ಬಂತು, ಖುಷಿಪಡೋ ಹೊತ್ತಿಗೆ ನವೆಂಬರ್‌ನಲ್ಲಿ 700. ಕಾಫಿಪುಡಿಗೆ ಚಿಕೋರಿ ಜಾಸ್ತಿ ಹಾಕಿಸ್ತಿದೀನಿ. ಅತ್ತೆಗೆ ಗೊತ್ತಾಗಿಲ್ಲ ಅಂದ್ಕೊಂಡಿದೀನಿ, ಲೋಟ ಮಾತ್ರ ಅರ್ಧಕ್ಕೇ ವಾಪಸ್ ಬರ್ತಿದೆ.

ಎಲ್ಲಕ್ಕಿಂತ ಕಾಯಿ! ಎರಡು ವರ್ಷದ ಹಿಂದೆ 25ಕ್ಕೆ ತಂದದ್ದು ಈಗ 60. ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಆರಿಸಿ ತಂದ್ರೂ ಒಡೆದಾಗ ಒಂದೊಂದು ಕೊಳೆತಿರುತ್ತೆ. ಪಲ್ಯ, ಚಟ್ನಿ, ಹುಳಿ, ಮಂಗಳವಾರ ದೇವಸ್ಥಾನಕ್ಕೊಂದು. ಕಾಯಿ ಬಿಟ್ಟು ನಮ್ಮ ಅಡುಗೆ ಯಾವುದಿದೆ ಹೇಳಿ? ಸರ್ಕಾರದ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಯಾಕೆ ತಾಳೆ ಆಗ್ತಿಲ್ಲ?

ಅಂಕಿ ಮೇಷ್ಟ್ರು
ಅಮ್ಮಾ, 0.25% ಅಂದ್ರೆ ಬೆಲೆ ಇಳೀತು ಅಂತಲ್ಲ. 2024ರ ಅಕ್ಟೋಬರ್‌ಗಿಂತ ಅಷ್ಟೇ ಏರಿದೆ ಅಂತ. ಆಗ ಹಣದುಬ್ಬರ 6.21% ಇತ್ತು. 2023ರ ಅಕ್ಟೋಬರ್‌ನಲ್ಲಿ 100 ರೂಪಾಯಿಗೆ ಸಿಗ್ತಿದ್ದದ್ದು 2024ಕ್ಕೆ 106 ಆಯ್ತು, 2025ರ ಅಕ್ಟೋಬರ್‌ನಲ್ಲೂ 106ರ ಮೇಲೆ ಚಿಲ್ಲರೆ. ಏರಿದ್ದು ಏರಿದ ಜಾಗದಲ್ಲೇ ಕೂತಿದೆ.

ಇನ್ನೊಂದು, ಇದು ದೇಶದ ಸರಾಸರಿ ಬುಟ್ಟಿ. 2025ರ ಆ ಲೆಕ್ಕ, 2011-12ರ ಸಮೀಕ್ಷೆಯಲ್ಲಿ ಜನ ಏನೇನು ಕೊಳ್ತಿದ್ರೋ ಅದರ ಮೇಲೆ ನಿಂತಿತ್ತು. ಒಟ್ಟು ಲೆಕ್ಕದಲ್ಲಿ ಆಹಾರದ ಪಾಲು ಸುಮಾರು 46% ಇತ್ತು. ತರಕಾರಿ ಕಾಲುಭಾಗಕ್ಕಿಂತ ಹೆಚ್ಚು ಅಗ್ಗ ಆಗಿದ್ರಿಂದ ಒಟ್ಟು ಸಂಖ್ಯೆ ನೆಲಕ್ಕೆ ಬಂತು. ಅದರಲ್ಲಿ ನಿಮ್ಮ ತೆಂಗಿನಕಾಯಿಗೆ ಇದ್ದ ಜಾಗ ತೀರಾ ಚಿಕ್ಕದು. ಪಂಜಾಬಿನವರು ಚಟ್ನಿಗೆ ಕಾಯಿ ತುರೀತಾರಾ? ಒಂದ್ಸಲ ಪುಸ್ತಕದಲ್ಲಿ ಹೋದ ವರ್ಷದ ತೊಗರಿಬೇಳೆ ನೋಡಿ.

ಬಾಡಿಗೆ ಬಸವ, ಬೆಂಗಳೂರು
ಆ ಬುಟ್ಟಿಯಲ್ಲಿ ವಸತಿಗೆ ಸುಮಾರು 10% ಅಷ್ಟೇ ಇದ್ದದ್ದು. ನನ್ನ ಸಂಬಳದ ಮೂರನೇ ಒಂದು ಭಾಗ ಓನರ್‌ಗೆ ಹೋಗುತ್ತೆ. ಇಷ್ಟು ಸಾಕು, ಮುಂದೆ ಬರೆದ್ರೆ ಹೊಟ್ಟೆ ಉರಿಯುತ್ತೆ.

ಕಲ್ಪತರು ನಾಡಿನವ, ತಿಪಟೂರು
ಅಕ್ಕಾ, ಕಾಯಿ ವಿಷಯ ನಾನು ಹೇಳ್ತೀನಿ. ಬಿಳಿ ನೊಣ, ಕಪ್ಪುತಲೆ ಹುಳು ಎರಡೂ ಸೇರಿ ಗರಿ ಒಣಗಿಸ್ತಿವೆ, ಮರ ಸೊರಗಿ ಇಳುವರಿ ಬಿದ್ದಿದೆ. ಬೇಸಿಗೆಯಲ್ಲಿ ಎಳನೀರಿಗೆ ಒಳ್ಳೆ ರೇಟು ಬಂದ್ರೆ ಕಾಯಿ ಬಲಿಯೋಕೆ ಯಾರು ಬಿಡ್ತಾರೆ? ಕಿತ್ತು ಮದ್ದೂರಿನ ಮಾರ್ಕೆಟ್‌ಗೆ ಹಾಕ್ತಾರೆ. 2025ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ಇತ್ತು. ಆ ವರ್ಷ ಹರಾಜಿನಲ್ಲಿ ಅದರ ಎರಡು ಪಟ್ಟು ದಾಟಿತ್ತು. 2023ರಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ನಾವು ಬೀದಿಗಿಳಿದಾಗ ಪೇಟೆಯವರು ಯಾರೂ ಕೇಳಲಿಲ್ಲ ಬಿಡಿ.

ಈರುಳ್ಳಿ ತಮ್ಮಣ್ಣ, ಚಿತ್ರದುರ್ಗ ಜಿಲ್ಲೆ
ನಿಮ್ಮ 0.25ರಲ್ಲಿ ನಮ್ಮ ಈರುಳ್ಳಿನೂ ಐತೆ ನೋಡ್ರಿ. ಕಿತ್ತ ಕೂಲಿ, ಖಾಲಿ ಚೀಲ, ಲಾರಿ ಬಾಡಿಗೆ ಕೊಟ್ಟು ಮಂಡಿಗೆ ಒಯ್ದರೆ ಬಂದ ದುಡ್ಡು ಅದಕ್ಕೇ ಸರಿಹೋಗಲಿಲ್ಲ. ಮಳೆಗೆ ಅರ್ಧ ಕೊಳೆತಿತ್ತು ಅಂತ ಉಳಿದದ್ದಕ್ಕೂ ಅಡ್ಡಾದುಡ್ಡಿಗೆ ಕೇಳಿದ್ರು. ಕುರಿ ಬಿಟ್ಟು ಮೇಯಿಸಿದೆ.

ಲೆಕ್ಕದಮ್ಮ, ಮೈಸೂರು
ಮೇಷ್ಟ್ರೇ, ನೋಡಿದೆ. ತೊಗರಿಬೇಳೆ ಹೋದ ವರ್ಷ 180, ಈಗ 120. ಯಜಮಾನ್ರಿಗೆ ಇನ್ನೂ ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೂ ಬೇಳೆಯಲ್ಲಿ ಉಳಿದದ್ದು ಕಾಯಿ, ತುಪ್ಪಕ್ಕೇ ಹೋಯ್ತು. ಚಟ್ನಿಗೆ ಹುರಿಗಡಲೆ ಮುಂದೆ, ಕಾಯಿ ಹಿಂದೆ ಮಾಡಿದೀನಿ.

ತಮ್ಮಣ್ಣ, ಕೇಳಿ ಸಂಕಟ ಆಯ್ತಪ್ಪಾ. ಈಗ ಅಗ್ಗ ಇದೆಯಲ್ಲಾ, ಒಂದು ಮೂಟೆ ತಂದಿಟ್ಟುಕೊಂಡ್ರೆ ಯುಗಾದಿವರೆಗೆ ಬರುತ್ತಾ?

ಈರುಳ್ಳಿ ತಮ್ಮಣ್ಣ, ಚಿತ್ರದುರ್ಗ ಜಿಲ್ಲೆ
ಇಲ್ಲಕ್ಕಾ, ಮುಂಗಾರಿ ಗಡ್ಡೆ ತಡೆಯಲ್ಲ, ನೀರಿನಂಶ ಜಾಸ್ತಿ. ಬೇಗ ಮೊಳಕೆ ಬರುತ್ತೆ, ಇಲ್ಲಾಂದ್ರೆ ಕೊಳೆಯುತ್ತೆ. ಇಡೋಕೆ ಬೇಸಿಗೆ ಬೆಳೆದೇ ಆಗಬೇಕು. ತಗೊಳ್ಳೋದಾದ್ರೆ ಐದೋ ಹತ್ತೋ ಕೆಜಿ, ಕುತ್ತಿಗೆ ಸಣ್ಣಗೆ ಒಣಗಿರೋದು ಆರಿಸಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ, ಗಾಳಿ ಆಡೋ ಕಡೆ ಹರವಿ.